ಕ್ಷೌರದಂಗಡಿಯ ವಿಸ್ತರಣೆಗೆ ಸಾಲ: ಸದಸ್ಯರು ಅರಿತಿರಬೇಕಾದ ಸಂಗತಿಗಳು

ಗ್ರಾಮ ಪಂಚಾಯಿತಿ ಸಭೆಗಳಲ್ಲಿ ಸ್ವಯಂ ಉದ್ಯೋಗದ ವಿಷಯ ಚರ್ಚೆಗೆ ಬಂದಾಗ ಹೈನುಗಾರಿಕೆ, ಹೊಲಿಗೆ, ಕಿರಾಣಿ ಅಂಗಡಿಗಳ ಪ್ರಸ್ತಾಪ ಮೊದಲು ಬರುತ್ತದೆ. ಕ್ಷೌರ ವೃತ್ತಿಯ ಪ್ರಸ್ತಾಪ ಬರುವುದು ಅಪರೂಪ. ಆದರೆ ಬಹುತೇಕ ಪ್ರತಿ ಗ್ರಾಮದಲ್ಲಿಯೂ ಈ ವೃತ್ತಿಯನ್ನೇ ನಂಬಿದ ಒಂದೆರಡು ಕುಟುಂಬಗಳಾದರೂ ಇರುತ್ತವೆ. ಹಿಂದೆ ಈ ವೃತ್ತಿ ಆಯದ ಪದ್ಧತಿಯಲ್ಲಿ ನಡೆಯುತ್ತಿತ್ತು. ವರ್ಷವಿಡೀ ಮಾಡಿದ ಸೇವೆಗೆ ಸುಗ್ಗಿಯ ಕಾಲದಲ್ಲಿ ಕಣದಲ್ಲಿ ಧಾನ್ಯ ಅಳೆದು ಕೊಡುತ್ತಿದ್ದರು. ಇಂದು ವ್ಯವಹಾರ ನಗದಿಗೆ ಬಂದಿದೆಯಾದರೂ ಲೆಕ್ಕ ಬರೆಯುವ ರೂಢಿ ಬಂದಿಲ್ಲ. ದಿನಕ್ಕೆ ಇಪ್ಪತ್ತು ಮಂದಿಗೆ ಕ್ಷೌರ ಮಾಡುವ ವೃತ್ತಿದಾರನ ಬಳಿ ಅದನ್ನು ಸಾಬೀತುಪಡಿಸುವ ಒಂದು ಕಾಗದವೂ ಇರುವುದಿಲ್ಲ. ಬ್ಯಾಂಕಿನ ಬಾಗಿಲಲ್ಲಿ ಆತ ಎಡವುವುದು ಇಲ್ಲಿಯೇ. ಹೈಡ್ರಾಲಿಕ್ ಕುರ್ಚಿ, ಕನ್ನಡಿ, ಇನ್ವರ್ಟರ್, ಟ್ರಿಮ್ಮರ್‌ಗಳಿಗೆಂದು ಹಣ ಬೇಕಾದಾಗ ಆತ ವಾರದ ಕಂತಿನ ಸಾಲಕ್ಕೆ ಕೈಚಾಚುತ್ತಾನೆ.

ಈ ವೃತ್ತಿಗೆ ನೇರವಾಗಿ ಅನ್ವಯಿಸುವ ಪ್ರಮುಖ ಯೋಜನೆ ಪಿಎಂ ವಿಶ್ವಕರ್ಮ. 2023ರ ಸೆಪ್ಟೆಂಬರ್ 17ರಂದು ಆರಂಭವಾದ ಈ ಯೋಜನೆಯ 18 ವೃತ್ತಿಗಳಲ್ಲಿ ಕ್ಷೌರವೂ ಒಂದು. ಅರ್ಹತೆ ನಿಂತಿರುವುದು ವೃತ್ತಿಯ ಮೇಲೆ, ಜಾತಿಯ ಮೇಲಲ್ಲ. ಸವಿತಾ ಸಮಾಜಕ್ಕೆ ಸೇರದವರು ಈ ವೃತ್ತಿ ಮಾಡುತ್ತಿದ್ದರೂ ಅರ್ಜಿ ಸಲ್ಲಿಸಬಹುದು. ಜಾತಿ ಪ್ರಮಾಣಪತ್ರವಿಲ್ಲವೆಂದು ಅಂತಹವರನ್ನು ಹಿಂದಕ್ಕೆ ಕಳುಹಿಸುವುದು ತಪ್ಪು. ಅರ್ಜಿದಾರರಿಗೆ 18 ವರ್ಷ ತುಂಬಿರಬೇಕು. ಗಂಡ, ಹೆಂಡತಿ ಮತ್ತು ಅವಿವಾಹಿತ ಮಕ್ಕಳನ್ನು ಒಂದು ಕುಟುಂಬವೆಂದು ಪರಿಗಣಿಸಿ, ಕುಟುಂಬಕ್ಕೆ ಒಬ್ಬರಿಗೆ ಮಾತ್ರ ಸೌಲಭ್ಯ ನೀಡಲಾಗುತ್ತದೆ. ಸರ್ಕಾರಿ ನೌಕರರು ಮತ್ತು ಅವರ ಕುಟುಂಬದವರು ಅರ್ಹರಲ್ಲ. ಕಳೆದ 5 ವರ್ಷಗಳಲ್ಲಿ ಮುದ್ರಾ ಸಾಲ ಪಡೆದವರು ಅದನ್ನು ಪೂರ್ಣವಾಗಿ ತೀರಿಸಿದ್ದರೆ ಅರ್ಹರೇ ಆಗುತ್ತಾರೆ.

ನೋಂದಣಿಯು ಸಾಮಾನ್ಯ ಸೇವಾ ಕೇಂದ್ರದಲ್ಲಿ ಆಧಾರ್ ಬೆರಳಚ್ಚಿನ ಮೂಲಕ ಆಗುತ್ತದೆ. ಅರ್ಜಿ ಸ್ವೀಕಾರ ತೆರೆದಿದೆಯೇ ಎಂಬುದನ್ನು ಮೊದಲೇ ವಿಚಾರಿಸಿಕೊಳ್ಳುವುದು ಒಳಿತು. ಅಲ್ಲಿಂದ ಮುಂದಿನ ಮೊದಲ ಹಂತದ ಪರಿಶೀಲನೆ ಗ್ರಾಮ ಪಂಚಾಯಿತಿಯದೇ. ಅರ್ಜಿದಾರರು ನಿಜಕ್ಕೂ ಈ ವೃತ್ತಿ ಮಾಡುತ್ತಿರುವರೇ, ಸ್ಥಳೀಯರೇ, ಅದೇ ಕುಟುಂಬದ ಬೇರೊಬ್ಬರು ಅರ್ಜಿ ಹಾಕಿರುವರೇ ಎಂಬುದನ್ನು ನೋಡಿ ಅಧ್ಯಕ್ಷರ ಲಾಗಿನ್‌ನಿಂದ ಶಿಫಾರಸು ಹೋಗಬೇಕು. ಆ ನಂತರವೇ ಅರ್ಜಿ ಜಿಲ್ಲಾ ಅನುಷ್ಠಾನ ಸಮಿತಿಗೂ, ಕೊನೆಗೆ ಪರಿಶೋಧನಾ ಸಮಿತಿಗೂ ಸಾಗುತ್ತದೆ. ಲಾಗಿನ್ ತೆರೆಯದೆ ತಿಂಗಳುಗಟ್ಟಲೆ ಬಿಟ್ಟರೆ ಅರ್ಜಿ ಅಲ್ಲಿಯೇ ಉಳಿಯುತ್ತದೆ. ಬ್ಯಾಂಕು ಸಾಲ ಕೊಡಲಿಲ್ಲವೆಂದು ಅರ್ಜಿದಾರ ದೂರುತ್ತಿರುತ್ತಾನೆ, ಅರ್ಜಿಯೋ ಪಂಚಾಯಿತಿಯ ಹೊಸ್ತಿಲನ್ನೇ ದಾಟಿರುವುದಿಲ್ಲ. ಹಾಗೆಯೇ, ಎಂದೂ ಕತ್ತರಿ ಹಿಡಿಯದವರ ಹೆಸರನ್ನು ಮುಲಾಜಿಗೆ ಶಿಫಾರಸು ಮಾಡಿದರೆ ಮೇಲಿನ ಹಂತದಲ್ಲಿ ಪಂಚಾಯಿತಿಯ ಮಾತಿಗೆ ಬೆಲೆ ಉಳಿಯುವುದಿಲ್ಲ.

ಆಯ್ಕೆಯಾದವರಿಗೆ 5ರಿಂದ 7 ದಿನಗಳ ಮೂಲ ತರಬೇತಿ, ದಿನಕ್ಕೆ ರೂ. 500 ಭತ್ಯೆ ಹಾಗೂ ಉಪಕರಣಗಳಿಗೆ ರೂ. 15,000 ವರೆಗಿನ ಇ-ವೋಚರ್ ದೊರೆಯುತ್ತದೆ. ತರಬೇತಿ ಮುಗಿಸಿದವರಿಗೆ ಅಡಮಾನವಿಲ್ಲದೆ ಶೇ 5ರ ಬಡ್ಡಿಯಲ್ಲಿ ಮೊದಲು ರೂ. 1 ಲಕ್ಷದವರೆಗೆ ಸಾಲ ಸಿಗುತ್ತದೆ. ಮರುಪಾವತಿ ಅವಧಿ 18 ತಿಂಗಳು. ಅದನ್ನು ಸರಿಯಾಗಿ ಕಟ್ಟಿ, ಡಿಜಿಟಲ್ ಪಾವತಿ ರೂಢಿಸಿಕೊಂಡವರು ಅಥವಾ ಉನ್ನತ ತರಬೇತಿ ಪಡೆದವರು ಎರಡನೆಯ ಕಂತಾಗಿ ರೂ. 2 ಲಕ್ಷದವರೆಗೆ, 30 ತಿಂಗಳ ಅವಧಿಗೆ ಪಡೆಯಬಹುದು. ಅಂಗಡಿಯ ಗೋಡೆಗೆ ಅಂಟಿಸಿದ ಕ್ಯೂಆರ್ ಫಲಕವನ್ನು ಬಳಸುವುದರಿಂದ ಇನ್ನೊಂದು ಪ್ರಯೋಜನವೂ ಇದೆ: ಇದುವರೆಗೆ ಇಲ್ಲದಿದ್ದ ವಹಿವಾಟಿನ ದಾಖಲೆ ಬ್ಯಾಂಕ್ ಖಾತೆಯಲ್ಲಿ ತಾನಾಗಿಯೇ ಬೆಳೆಯುತ್ತದೆ.

ಬಡ್ಡಿಯ ವ್ಯತ್ಯಾಸವನ್ನು ಸದಸ್ಯರು ಒಮ್ಮೆ ಕಾಗದದ ಮೇಲೆ ಲೆಕ್ಕ ಹಾಕಿ ನೋಡುವುದು ಅವಶ್ಯ. ರೂ. 1 ಲಕ್ಷವನ್ನು ಶೇ 5ರ ಇಳಿಕೆ ಬಡ್ಡಿಯಲ್ಲಿ 18 ತಿಂಗಳಲ್ಲಿ ತೀರಿಸಿದರೆ ಮಾಸಿಕ ಕಂತು ಸುಮಾರು ರೂ. 5,778, ಒಟ್ಟು ಬಡ್ಡಿ ಸುಮಾರು ರೂ. 4,000. ಅದೇ ಮೊತ್ತಕ್ಕೆ ಶೇ 24ರ ಇಳಿಕೆ ಬಡ್ಡಿಯಾದರೆ ಕಂತು ಸುಮಾರು ರೂ. 6,670, ಬಡ್ಡಿ ರೂ. 20,000 ದಾಟುತ್ತದೆ. ಮೋಸವಾಗುವುದು ಹೆಚ್ಚಾಗಿ ಚಪ್ಪಟೆ ದರದಲ್ಲಿ. 'ಬರೀ ಶೇ 12' ಎಂದು ಹೇಳಿ, ತೀರಿದ ಅಸಲಿಗೂ ಕೊನೆಯವರೆಗೆ ಬಡ್ಡಿ ಹಾಕಿದರೆ 18 ತಿಂಗಳಿಗೆ ರೂ. 18,000 ಬಡ್ಡಿಯಾಗುತ್ತದೆ. ಇಳಿಕೆ ಲೆಕ್ಕಕ್ಕೆ ತಂದರೆ ಅದು ಶೇ 21ನ್ನೂ ಮೀರಿದ ದರ. ಸಾಲ ನೀಡುವವರು ಯಾರೇ ಆಗಿರಲಿ, ದರ ಇಳಿಕೆಯದೋ ಚಪ್ಪಟೆಯದೋ ಎಂಬುದೇ ಮೊದಲ ಪ್ರಶ್ನೆಯಾಗಬೇಕು.

ಇನ್ನು ಈ ರೂ. 5,778 ಎಲ್ಲಿಂದ ಬರಬೇಕು? ಒಂದು ಉದಾಹರಣೆ ನೋಡಬಹುದು. ಹೋಬಳಿ ಕೇಂದ್ರದ ಅಂಗಡಿಯೊಂದರಲ್ಲಿ ಎರಡನೆಯ ಕುರ್ಚಿ ಹಾಕಿ ಕೆಲಸಗಾರರೊಬ್ಬರನ್ನು ಇಟ್ಟುಕೊಂಡರೆಂದು ಭಾವಿಸೋಣ. ಕ್ಷೌರಕ್ಕೆ ರೂ. 80. ಅದರಲ್ಲಿ ಅರ್ಧ ಕೆಲಸಗಾರನ ಪಾಲು. ವಿದ್ಯುತ್, ಬ್ಲೇಡು, ಕ್ರೀಮು ಇತ್ಯಾದಿಗೆ ರೂ. 10. ಮಾಲೀಕನಿಗೆ ಉಳಿಯುವುದು ರೂ. 30. ಕಂತು ತೀರಲು ತಿಂಗಳಿಗೆ 193 ಕ್ಷೌರಗಳು ಹೆಚ್ಚುವರಿಯಾಗಿ ಆಗಬೇಕು. ಮಂಗಳವಾರದ ರಜೆ ಕಳೆದು 26 ದಿನ ಹಿಡಿದರೆ ದಿನಕ್ಕೆ ಎಂಟು ತಲೆ. ಭಾನುವಾರ ಅದು ಸುಲಭ, ಸೋಮವಾರ ಕಷ್ಟ. ಶ್ರಾವಣದಲ್ಲಿಯೂ ಅಯ್ಯಪ್ಪ ಮಾಲೆಯ ದಿನಗಳಲ್ಲಿಯೂ ಇನ್ನೂ ಕಷ್ಟ. ಹೊಸ ಗಿರಾಕಿ ಬರುವ ಊರಲ್ಲದಿದ್ದರೆ ಎರಡನೆಯ ಕುರ್ಚಿಗಿಂತ ಇನ್ವರ್ಟರ್ ಹಾಗೂ ಉತ್ತಮ ಉಪಕರಣಗಳಿಗೆ ಅರ್ಧ ಲಕ್ಷ ಸಾಲ ಮಾಡುವುದೇ ಜಾಣತನ. ಮಂಜೂರಾದಷ್ಟನ್ನೂ ಪಡೆಯಲೇಬೇಕೆಂಬ ನಿಯಮವೇನಿಲ್ಲ.

2015ರಿಂದ ಜಾರಿಯಲ್ಲಿರುವ ಮುದ್ರಾ ಯೋಜನೆಯಲ್ಲಿ ರೂ. 50,000 ವರೆಗಿನ ಸಾಲಕ್ಕೆ ಶಿಶು, ಅಲ್ಲಿಂದ ರೂ. 5 ಲಕ್ಷದವರೆಗೆ ಕಿಶೋರ್ ಎಂಬ ಹೆಸರಿದೆ. ಕ್ಷೌರದಂಗಡಿಗೆ ಇವೆರಡೇ ಸಾಕು. ಅಡಮಾನ ಬೇಕಿಲ್ಲ, ಆದರೆ ಸಹಾಯಧನವೂ ಇಲ್ಲ. ಬಡ್ಡಿ ದರವನ್ನು ಆಯಾ ಬ್ಯಾಂಕೇ ನಿರ್ಧರಿಸುತ್ತದೆ. ಮುದ್ರಾ ಸಾಲ ಕೊಡಿಸುವುದಾಗಿ ದೂರವಾಣಿಯಲ್ಲಿ ಶುಲ್ಕ ಕೇಳುವವರು ವಂಚಕರೆಂದು ಗ್ರಾಮಸಭೆಯಲ್ಲಿ ಓದಿ ಹೇಳಬೇಕು.

ಪ್ರಧಾನಮಂತ್ರಿ ಉದ್ಯೋಗ ಸೃಜನ ಕಾರ್ಯಕ್ರಮದ ಸಹಾಯಧನ ಆಕರ್ಷಕವಾಗಿದೆ. ಗ್ರಾಮೀಣ ಭಾಗದ ಹಿಂದುಳಿದ ವರ್ಗ, ಪರಿಶಿಷ್ಟರು, ಮಹಿಳೆಯರು ಮೊದಲಾದವರಿಗೆ ಯೋಜನಾ ವೆಚ್ಚದ ಶೇ 35, ಸ್ವಂತ ಪಾಲು ಶೇ 5. ರೂ. 4 ಲಕ್ಷದ ಘಟಕಕ್ಕೆ ಸಹಾಯಧನ ರೂ. 1.40 ಲಕ್ಷ. ಆದರೆ ಇದು ಹೊಸ ಘಟಕಗಳಿಗೆ. ನಡೆಯುತ್ತಿರುವ ಅಂಗಡಿಗೆ ಹೊಸ ಫಲಕ ಹಾಕಿ ಅರ್ಜಿ ಸಲ್ಲಿಸಿದರೆ ಸ್ಥಳ ತನಿಖೆಯಲ್ಲಿ ತಿರಸ್ಕೃತವಾಗುತ್ತದೆ. ಸಹಾಯಧನವೂ ಕೈಗೆ ಬರುವುದಿಲ್ಲ; ಮೂರು ವರ್ಷ ಬ್ಯಾಂಕಿನಲ್ಲಿ ಠೇವಣಿಯಾಗಿದ್ದು ಬಳಿಕ ಸಾಲಕ್ಕೆ ಹೊಂದಾಣಿಕೆಯಾಗುತ್ತದೆ. ಪಟ್ಟಣದಿಂದ ಹಿಂದಿರುಗಿ ಊರಿನಲ್ಲಿ ಹೊಸದಾಗಿ ಅಂಗಡಿ ತೆರೆಯುವ ಯುವಕರಿಗೆ ಇದು ಹೊಂದುತ್ತದೆ.

ಸವಿತಾ ಸಮಾಜದವರಿಗೆ ಕರ್ನಾಟಕ ಸವಿತಾ ಸಮಾಜ ಅಭಿವೃದ್ಧಿ ನಿಗಮದ ಸಾಲ ಯೋಜನೆಗಳೂ ಇವೆ. ಇವುಗಳಿಗೆ ಜಾತಿ ಮತ್ತು ಆದಾಯ ಪ್ರಮಾಣಪತ್ರ ಬೇಕು. ಪ್ರಕಟಣೆ ಹೊರಬಿದ್ದ ಮೇಲೆ ನಾಡಕಚೇರಿಗೆ ಓಡುವ ಬದಲು ಮೊದಲೇ ಪಡೆದಿಟ್ಟುಕೊಂಡರೆ ಗಡುವು ತಪ್ಪುವುದಿಲ್ಲ. ಮನೆಯ ಮಹಿಳೆ ಸಂಜೀವಿನಿ ಸ್ವಸಹಾಯ ಸಂಘದಲ್ಲಿದ್ದರೆ ಸಣ್ಣ ಮೊತ್ತಕ್ಕೆ ಸಂಘದ ಸಾಲವೇ ಹತ್ತಿರದ ದಾರಿ. ಆದರೆ ಗಂಡನ ಅಂಗಡಿಗೆಂದು ಹೆಂಡತಿಯ ಹೆಸರಿನಲ್ಲಿ ಮೂರ್ನಾಲ್ಕು ಕಡೆ ಸಾಲ ಎತ್ತುವ ರೂಢಿ ಅಪಾಯಕಾರಿ. ವಸೂಲಿಗೆ ಬಂದವರು ನಿಲ್ಲುವುದು ಆಕೆಯ ಮುಂದೆ. ಬಲವಂತದ ವಸೂಲಿಯ ವಿರುದ್ಧ ರಾಜ್ಯ ಸರ್ಕಾರ 2025ರಲ್ಲಿ ಕಾನೂನು ತಂದಿದೆ. ಕಿರುಕುಳವಾದಲ್ಲಿ ಪೊಲೀಸ್ ಠಾಣೆಗೆ ದೂರು ನೀಡುವಂತೆ ಸದಸ್ಯರು ಜೊತೆಗೆ ನಿಂತು ನೆರವಾಗಬೇಕು.

ಬ್ಯಾಂಕಿಗೆ ಬೇಕಾದ ದಾಖಲೆಗಳಲ್ಲಿ ಪಂಚಾಯಿತಿ ನೀಡಬೇಕಾದವು ವ್ಯಾಪಾರ ಪರವಾನಗಿ ಮತ್ತು ಮಳಿಗೆ ಪಂಚಾಯಿತಿಯದಾದರೆ ಬಾಡಿಗೆ ಕರಾರು. ಉದ್ಯಮ್ ನೋಂದಣಿ ಉಚಿತ. ಬ್ಯಾಂಕು ಅರ್ಜಿಯನ್ನು ನಿರಾಕರಿಸಿದರೆ ಲಿಖಿತ ಕಾರಣ ಕೇಳಿ ಪಡೆದು ಜಿಲ್ಲಾ ಲೀಡ್ ಬ್ಯಾಂಕ್ ವ್ಯವಸ್ಥಾಪಕರ ಗಮನಕ್ಕೆ ತರಬಹುದು.

ಒಂದು ವಿಷಯವನ್ನು ಇಲ್ಲಿ ಮುಚ್ಚಿಡುವುದು ಸರಿಯಲ್ಲ. ಕೆಲವೆಡೆ ದಲಿತರಿಗೆ ಕ್ಷೌರ ಮಾಡದಂತೆ ವೃತ್ತಿದಾರರ ಮೇಲೆ ಊರಿನವರೇ ಒತ್ತಡ ಹೇರುತ್ತಾರೆ. ಗಿರಾಕಿ ತಪ್ಪುವ ಭಯದಿಂದ ಆತ ಒಪ್ಪಿಕೊಳ್ಳುತ್ತಾನೆ. ನಾಗರಿಕ ಹಕ್ಕುಗಳ ಸಂರಕ್ಷಣಾ ಅಧಿನಿಯಮ, 1955ರ ಪ್ರಕಾರ ಅಸ್ಪೃಶ್ಯತೆಯ ಕಾರಣಕ್ಕೆ ಸೇವೆ ನಿರಾಕರಿಸುವುದು ಶಿಕ್ಷಾರ್ಹ ಅಪರಾಧ. ಮಳಿಗೆ ಹಂಚುವಾಗ ಹಾಗೂ ಪರವಾನಗಿ ನೀಡುವಾಗ ಎಲ್ಲರಿಗೂ ಸೇವೆ ನೀಡುವ ಷರತ್ತನ್ನು ಬರವಣಿಗೆಯಲ್ಲಿ ಸೇರಿಸಬೇಕು. ಒತ್ತಡ ತರುವವರ ಮುಂದೆ ತೋರಿಸಲು ವೃತ್ತಿದಾರನಿಗೂ ಆ ಕಾಗದ ಆಸರೆಯಾಗುತ್ತದೆ.

ಮುಂದಿನ ಸಾಮಾನ್ಯ ಸಭೆಗೆ ಮುನ್ನ ಪ್ರತಿ ಸದಸ್ಯರು ತಮ್ಮ ಕ್ಷೇತ್ರದ ಕ್ಷೌರ ವೃತ್ತಿದಾರರ ಪಟ್ಟಿಯನ್ನು, ಮರದ ನೆರಳಿನಲ್ಲಿ ಕುಳಿತು ಕೆಲಸ ಮಾಡುವವರನ್ನೂ ಸೇರಿಸಿ, ಸಿದ್ಧಪಡಿಸಿಕೊಂಡು ಬರಬೇಕು. ಪಿಎಂ ವಿಶ್ವಕರ್ಮ ಲಾಗಿನ್‌ನಲ್ಲಿ ಬಾಕಿ ಉಳಿದಿರುವ ಅರ್ಜಿಗಳ ಸಂಖ್ಯೆ ಮತ್ತು ಪ್ರತಿಯೊಂದು ಬಂದ ದಿನಾಂಕವನ್ನು ಕಾರ್ಯದರ್ಶಿಯವರು ಅದೇ ಸಭೆಯಲ್ಲಿ ಓದಿ ದಾಖಲಿಸಬೇಕು.