ಮೊದಲ ಗೇಮಿಂಗ್ ಪಿಸಿ: ದುಡ್ಡು ಎಲ್ಲಿ ಹಾಕಬೇಕು?

ನಿಮ್ಮ ಪಟ್ಟಿ ನೋಡಿದೆ. 60 ಸಾವಿರದಲ್ಲಿ ದುಬಾರಿ ಪ್ರೊಸೆಸರ್, ಬಣ್ಣದ ದೀಪಗಳ ಕ್ಯಾಬಿನೆಟ್ ಎಲ್ಲ ಸೇರಿಸಿ, ಉಳಿದ ಚಿಲ್ಲರೆಯನ್ನು ಗ್ರಾಫಿಕ್ಸ್ ಕಾರ್ಡ್‌ಗೆ ಇಟ್ಟಿದ್ದೀರಿ. ಲೆಕ್ಕ ತಲೆಕೆಳಗಾಗಿದೆ. ಆಟ ಎಷ್ಟು ಸರಾಗವಾಗಿ ಓಡುತ್ತದೆ ಎಂಬುದನ್ನು ಬಹುಮಟ್ಟಿಗೆ ತೀರ್ಮಾನಿಸುವುದೇ ಆ ಕಾರ್ಡ್. ಬಜೆಟ್‌ನ ಮೂರನೇ ಒಂದು ಪಾಲಾದರೂ ಅದಕ್ಕಿರಲಿ.

ನಿಮ್ಮದು 1080ಪಿ ಮಾನಿಟರ್. ಹಾಗಾಗಿ 8 ಜಿಬಿಯ ರೇಡಿಯಾನ್ ಆರ್‌ಎಕ್ಸ್ 6600 ದರ್ಜೆಯ ಕಾರ್ಡ್ ಸಾಕು. ಪ್ರೊಸೆಸರ್ ರೈಜನ್ 5 5600 ಇರಲಿ: ಆರು ಕೋರ್, ಡಬ್ಬದಲ್ಲೇ ಕೂಲರ್. ಆದರೆ ಅದರೊಳಗೆ ಗ್ರಾಫಿಕ್ಸ್ ಇಲ್ಲ. "ಸದ್ಯಕ್ಕೆ ಪಿಸಿ ಜೋಡಿಸಿ, ಕಾರ್ಡ್ ಆಮೇಲೆ" ಅನ್ನುವ ನಿಮ್ಮ ಉಪಾಯ ಇಲ್ಲಿ ನಡೆಯದು; ಪರದೆಯ ಮೇಲೆ ಏನೂ ಮೂಡುವುದಿಲ್ಲ. ಈ ಪ್ರೊಸೆಸರ್‌ಗೆ ಎಎಂ4 ಸಾಕೆಟ್‌ನ ಮದರ್‌ಬೋರ್ಡ್, ಡಿಡಿಆರ್4 ರ‍್ಯಾಮ್ ಬೇಕು. 16 ಜಿಬಿಯ ಒಂದೇ ಸ್ಟಿಕ್ ಬದಲು 8 ಜಿಬಿಯ ಎರಡು ಹಾಕಿ, ವೇಗ ಹೆಚ್ಚು.

ಇನ್ನು ಎಸ್‌ಎಂಪಿಎಸ್, ಅಂದರೆ ಪಿಸಿಗೆ ವಿದ್ಯುತ್ ಒದಗಿಸುವ ಭಾಗ. ಕ್ಯಾಬಿನೆಟ್ ಜೊತೆ ಪುಕ್ಕಟೆ ಬರುವ ಅನಾಮಧೇಯ ಡಬ್ಬಿಯನ್ನು ದಯವಿಟ್ಟು ಬಳಸಬೇಡಿ. ಅದು ಸುಟ್ಟುಹೋದರೆ ತಾನೊಂದೇ ಹೋಗುವುದಿಲ್ಲ, ಅಕ್ಕಪಕ್ಕದವರನ್ನೂ ಕರೆದುಕೊಂಡು ಹೋಗಬಹುದು. ಒಳ್ಳೆಯ ಕಂಪನಿಯ 550 ವಾಟ್‌ನದು ಕೊಳ್ಳಿ. ದೀಪಗಳನ್ನು ಬಿಟ್ಟರೆ ಅದಕ್ಕೆ ದುಡ್ಡು ಸಿಗುತ್ತದೆ.

ಬೆಂಗಳೂರಿನ ಎಸ್.ಪಿ. ರಸ್ತೆಗೆ ಹೋಗುವುದಾದರೆ ನಾಲ್ಕು ಅಂಗಡಿಯಲ್ಲಿ ವಿಚಾರಿಸಿ, ಆನ್‌ಲೈನ್ ದರವನ್ನೂ ಮೊಬೈಲ್‌ನಲ್ಲಿ ತೆರೆದಿಟ್ಟುಕೊಳ್ಳಿ. ಬಿಲ್ ಇಲ್ಲದೆ ಕಡಿಮೆಗೆ ಕೊಡುತ್ತೇವೆಂದರೆ ಒಪ್ಪಬೇಡಿ. ನಾಳೆ ವಾರಂಟಿ ಕೇಳಲು ಬಿಲ್ಲೇ ಆಧಾರ.

ಜೋಡಿಸಿದ ಮೇಲೆ ಮಾನಿಟರ್ ಕೇಬಲನ್ನು ಗ್ರಾಫಿಕ್ಸ್ ಕಾರ್ಡ್‌ಗೇ ಚುಚ್ಚಿ, ಮದರ್‌ಬೋರ್ಡ್‌ಗಲ್ಲ.