ಮೊದಲ ಮಾತನ್ನು ಪೆನ್ಸಿಲ್ಲಿನಲ್ಲಿ ಬರೆ

ಮೊನ್ನೆ ರಾತ್ರಿ ಫೋನ್ ಮಾಡಿ, ಡಂಜನ್ಸ್ ಅಂಡ್ ಡ್ರಾಗನ್ಸ್‌ನ ಹೊಸ ನಿಯಮಪುಸ್ತಕ ಪ್ಲೇಯರ್ಸ್ ಹ್ಯಾಂಡ್‌ಬುಕ್ ಕೈಗೆ ಬಂತು, “ಪೂರಾ ಹಾಳು ಮಾಡಿಟ್ಟಿದ್ದಾರೆ ದೊಡ್ಡಪ್ಪ” ಅಂದೆಯಲ್ಲ, ಪುಸ್ತಕ ಬಂದು ಎಷ್ಟು ಹೊತ್ತಾಯಿತು ಎಂದು ನಾನು ಕೇಳಿದೆ. ನೀನು ನಾಲ್ಕು ಗಂಟೆ ಎಂದೆ. ನಾಲ್ಕು ಗಂಟೆಯಲ್ಲಿ ಮೀನುಸಾರಿಗೂ ಸರಿಯಾಗಿ ಹುಳಿ ಹಿಡಿದಿರುವುದಿಲ್ಲ ಮಾರಾಯ್ತಿ. ಇದು 384 ಪುಟದ ಪುಸ್ತಕ.

ನಿನ್ನನ್ನು ಬೈಯಲು ಬರೆಯುತ್ತಿಲ್ಲ. ನೀನು ಮಾಡಿದ್ದನ್ನು ನಾನು ಎರಡು ಸಲ ಮಾಡಿದ್ದೇನೆ, ಒಂದು ಸಲವಂತೂ ಒಬ್ಬ ಗೆಳೆಯನನ್ನೇ ಕಳೆದುಕೊಂಡೆ. ಅದಕ್ಕೇ ಈ ಕಾಗದ.

1989ರಲ್ಲಿ ಓದಲು ಅಮೆರಿಕದ ಮಿಡ್‌ವೆಸ್ಟಿಗೆ ಹೋದೆ. ಗ್ಯಾರಿ ಗೈಗ್ಯಾಕ್ಸ್ ಮತ್ತು ಡೇವ್ ಆರ್ನೆಸನ್ 1974ರಲ್ಲಿ ಮೂರು ಕಿರುಪುಸ್ತಕಗಳನ್ನು ಒಂದು ಪೆಟ್ಟಿಗೆಯಲ್ಲಿಟ್ಟು ಈ ಆಟವನ್ನು ಮಾರಾಟಕ್ಕೆ ಬಿಟ್ಟದ್ದು ಅದೇ ಸೀಮೆಯ ವಿಸ್ಕಾನ್ಸಿನ್ನಿನ ಲೇಕ್ ಜಿನೀವಾ ಎಂಬ ಸಣ್ಣ ಊರಿನಿಂದ. ನಾನು ಹೋದ ವರ್ಷವೇ ಎರಡನೇ ಆವೃತ್ತಿ ಬಂದಿತ್ತು. ನೆಲಮಾಳಿಗೆಯ ಕೋಣೆ, ಹೊರಗೆ ಹಿಮ, ಮೇಜಿನ ಸುತ್ತ ಐದು ಜನ. ಡಂಜನ್ ಮಾಸ್ಟರ್ ಹೇಳುತ್ತಾನೆ, ನಾವು ನಮ್ಮ ನಮ್ಮ ಪಾತ್ರವಾಗಿ ಉತ್ತರ ಕೊಡುತ್ತೇವೆ, ಅನುಮಾನವಿದ್ದಲ್ಲಿ ದಾಳ ಉರುಳುತ್ತದೆ. ಮೊದಲ ರಾತ್ರಿಯೇ ಅನಿಸಿತು, ಇದು ನನಗೆ ಗೊತ್ತಿರುವ ವಿಷಯ. ನಮ್ಮೂರ ದೇವಸ್ಥಾನದ ಜಗಲಿಯಲ್ಲಿ ತಾಳಮದ್ದಳೆ ಕೇಳಿ ಬೆಳೆದವನು ನಾನು. ಪದ್ಯ ಪ್ರಸಂಗದ್ದು, ಮಾತು ಮಾತ್ರ ಆ ರಾತ್ರಿ ಕೂತ ಅರ್ಥಧಾರಿಯದು. ಇಲ್ಲಿ ಇನ್ನೂ ಒಂದು ಹೆಜ್ಜೆ ಮುಂದೆ, ಕರ್ಣ ಸಾಯುತ್ತಾನೋ ಇಲ್ಲವೋ ಎಂಬುದೂ ದಾಳದ ಕೈಯಲ್ಲಿ.

ಆ ಆವೃತ್ತಿಯಲ್ಲಿ ಥ್ಯಾಕೋ ಎಂಬ ಲೆಕ್ಕವಿತ್ತು. ನಿನಗೆ ಅದು ಅಜ್ಜಿಕತೆ. ಕವಚದ ಅಂಕಿ ಇಳಿದಷ್ಟೂ ಕವಚ ಗಟ್ಟಿ. ನನ್ನ ಥ್ಯಾಕೋ 18, ಎದುರಾಳಿಯ ಕವಚ 4, ಕಳೆದರೆ 14; ಇಪ್ಪತ್ತು ಮುಖದ ದಾಳದಲ್ಲಿ ಅಷ್ಟೋ ಹೆಚ್ಚೋ ಬಿದ್ದರೆ ಪೆಟ್ಟು. ಎದುರಾಳಿಯ ಕವಚ ಮೈನಸ್ 2 ಆದರೆ 20 ಬೀಳಲೇಬೇಕು. ಉಳಿದವರು ಪೆನ್ಸಿಲ್ ಹಿಡಿಯುವಷ್ಟರಲ್ಲಿ ನಾನು ಬಾಯಲ್ಲೇ ಹೇಳಿಬಿಡುತ್ತಿದ್ದೆ. ಇಂಗ್ಲಿಷ್ ತಡವರಿಸುತ್ತಿದ್ದ ಹುಡುಗನಿಗೆ ಆ ಮೇಜಿನಲ್ಲಿ ಒಂದು ಮರ್ಯಾದೆ ಇದ್ದರೆ ಅದು ಮಗ್ಗಿಯಿಂದ ಬಂದದ್ದು.

2000ದ ಆಗಸ್ಟಿನಲ್ಲಿ ಮಿಲ್ವಾಕಿಯ ಜೆನ್ ಕಾನ್ ಮೇಳದಲ್ಲಿ ಮೂರನೇ ಆವೃತ್ತಿ ಹೊರಬಂತು. ಸಾಲಿನಲ್ಲಿ ನಿಂತು ಕೊಂಡೆ. ಥ್ಯಾಕೋ ಇಲ್ಲ! ದಾಳಕ್ಕೆ ನಿನ್ನ ಅಂಕಿ ಕೂಡಿಸು, ಎದುರಾಳಿಯ ಕವಚದಷ್ಟೋ ಅದಕ್ಕಿಂತ ಹೆಚ್ಚೋ ಆದರೆ ಪೆಟ್ಟು, ಮುಗಿಯಿತು. ಎರಡನೇ ಕ್ಲಾಸಿನ ಮಗುವಿಗೂ ಬರುವ ಲೆಕ್ಕ. ಆಟವನ್ನು ದಡ್ಡರಿಗಾಗಿ ತಿದ್ದಿದ್ದಾರೆ ಎಂದು ವಾಪಸು ಬರುವ ಕಾರಿನಲ್ಲಿ ಭಾಷಣ ಬಿಗಿದೆ. ನಿಯಮದಲ್ಲಿ ತಪ್ಪೇನೂ ಇರಲಿಲ್ಲ ಎಂದು ಒಪ್ಪಿಕೊಳ್ಳಲು ನನಗೆ ಒಂದು ವರ್ಷ ಬೇಕಾಯಿತು. ನನ್ನ ಮಗ್ಗಿಗೆ ಕೆಲಸ ಇಲ್ಲದಂತಾಗಿತ್ತು, ಹೊಟ್ಟೆಯುರಿ ಅಷ್ಟೇ.

2008ರದ್ದು ಇನ್ನೂ ಕೆಟ್ಟ ಕತೆ. ನಾಲ್ಕನೇ ಆವೃತ್ತಿಯಲ್ಲಿ ಕತ್ತಿ ಹಿಡಿದವನಿಗೂ ಮಂತ್ರವಾದಿಯ ಹಾಗೆ ದಿನಕ್ಕೊಂದು ಸಲದ ವರಸೆಗಳಿದ್ದವು. ಅರ್ಧ ಪ್ರಾಣ ಇಳಿದ ಪಾತ್ರಕ್ಕೆ ‘ಬ್ಲಡೀಡ್’ ಎಂಬ ಹೆಸರು ಕೊಟ್ಟಿದ್ದರು. ಕಂಪ್ಯೂಟರ್ ಗೇಮ್ ತಂದು ಮೇಜಿನ ಮೇಲೆ ಸುರಿದಿದ್ದಾರೆ ಎಂದು ಪುಸ್ತಕ ಬಿಡಿಸಿದ ಸಂಜೆಯೇ ತೀರ್ಪು ಕೊಟ್ಟೆ. ನನ್ನ ಹಳೆಯ ಡಂಜನ್ ಮಾಸ್ಟರ್‌ಗೆ ಅದು ಇಷ್ಟವಾಗಿತ್ತು. ಮಾತಿಗೆ ಮಾತು ಬೆಳೆಯಿತು. ಮರುವರ್ಷ ಪಾತ್‌ಫೈಂಡರ್ ಎಂಬ ಬೇರೊಂದು ಆಟ ಬಂದಾಗ, ನನ್ನ ಹಳೆಯ ನಿಯಮಗಳನ್ನೇ ಹೊಳಪು ಮಾಡಿ ಕೊಟ್ಟಿದ್ದಾರೆ ಎಂದು ನಾನು ಅತ್ತ ಹೋದೆ, ಅವನು ಇತ್ತಲೇ ಉಳಿದ. ಹತ್ತೊಂಬತ್ತು ವರ್ಷ ಒಂದೇ ಮೇಜಿನಲ್ಲಿ ಕೂತವರು. ಆಮೇಲೆ ಒಟ್ಟಿಗೆ ಆಡಲಿಲ್ಲ.

ಈಗ ನಿನ್ನ ಹೊಸ ಪುಸ್ತಕದ ಕೊನೆಯಲ್ಲಿರುವ ಪದಕೋಶ ತೆಗೆದು ನೋಡು. ‘ಬ್ಲಡೀಡ್’ ಅಲ್ಲಿ ಕೂತಿದೆ, ಅದೇ ಅರ್ಥದಲ್ಲಿ. ಅದನ್ನು ಕಂಡು ಯಾರೂ ಜಗಳವಾಡಲಿಲ್ಲ. ನಾನಂತೂ ಆ ಪುಟ ನೋಡಿ ಸ್ವಲ್ಪ ಹೊತ್ತು ಸುಮ್ಮನೆ ಕೂತೆ.

ಹೌದು, ನಾನೂ ತರಿಸಿಕೊಂಡೆ. ಎರಡು ತಿಂಗಳಿಂದ ವಾರಕ್ಕೊಮ್ಮೆ ಆಡಿಸುತ್ತಲೂ ಇದ್ದೇನೆ. ಹಾಗಾಗಿ ನಿನ್ನ ದೂರುಗಳಿಗೆ ಉತ್ತರ ಕೊಡುವ ಅರ್ಹತೆ ಇದೆ ಎಂದುಕೊಳ್ಳುತ್ತೇನೆ.

ಔಷಧಿಯ ಬುರುಡೆಯನ್ನು ಬೋನಸ್ ಆ್ಯಕ್ಷನ್‌ನಲ್ಲಿ ಸರದಿಯ ಮುಖ್ಯ ಕೆಲಸ ಬಿಡದೆಯೇ ಕುಡಿಯಬಹುದು ಎಂಬುದಕ್ಕೆ ನಿನಗೆ ಸಿಟ್ಟು ಬಂತು. ಆದರೆ ನಿನ್ನ ಮೇಜಿನಲ್ಲಿ ನಾಲ್ಕು ವರ್ಷದಿಂದ ಹಾಗೇ ಆಡುತ್ತಿದ್ದೀರಿ! ಎಷ್ಟೋ ಮನೆಗಳ ಸ್ವಂತ ಕಟ್ಟಳೆಯನ್ನು ಪುಸ್ತಕ ಒಪ್ಪಿಕೊಂಡಿದೆ, ಅಷ್ಟೇ. ದಣಿವಿನ ನಿಯಮ ನನಗೆ ತುಂಬ ಹಿಡಿಸಿತು. ಮೊದಲು ಆರು ಮೆಟ್ಟಿಲಿಗೆ ಆರು ಬೇರೆ ಬೇರೆ ಶಿಕ್ಷೆಗಳ ಪಟ್ಟಿ ಇತ್ತು, ಯಾರಿಗೂ ನೆನಪಿರುತ್ತಿರಲಿಲ್ಲ, ಹಾಗಾಗಿ ಯಾರೂ ದಣಿಯುತ್ತಲೂ ಇರಲಿಲ್ಲ. ಈಗ ಮೆಟ್ಟಿಲಿಗೆ ಎರಡರಂತೆ ದಾಳದಿಂದ ಕಳೆ, ಐದು ಅಡಿಯಂತೆ ನಡಿಗೆಯಿಂದ ಕಳೆ. ಆರನೆಯದಕ್ಕೆ ಸಾವು, ಅದು ಹಳೆಯದೇ. ನನ್ನ ಮೇಜಿನಲ್ಲಿ ಮೊದಲ ಬಾರಿಗೆ ಒಬ್ಬಳು ಮರುಭೂಮಿ ದಾಟಲು ಹೆದರಿದಳು.

ವೆಪನ್ ಮಾಸ್ಟರಿ ಬಗ್ಗೆ ನೀನು ಕುಣಿದಾಡಿದೆ. ಓದುವಾಗ ನಾನೂ ಕುಣಿದೆ. ಆಯುಧಕ್ಕೊಂದು ಗುಣ, ಒಂದು ತಳ್ಳುತ್ತದೆ, ಒಂದು ಕೆಡವುತ್ತದೆ, ಬರಿಯ ಕತ್ತಿಯವನಿಗೂ ಮಾಡಲು ಏನೋ ಇದೆ. ಆಡಿದ ಮೇಲೆ ತಿಳಿಯಿತು, ‘ಟಾಪಲ್’ ಗುಣದ ಆಯುಧ ಹಿಡಿದವನು ಹೊಡೆದಾಗೆಲ್ಲ ಎದುರಾಳಿ ಬೀಳುತ್ತಾನೋ ಇಲ್ಲವೋ ಎಂದು ಇನ್ನೊಂದು ದಾಳ ಉರುಳಿಸಬೇಕು. ಒಂದು ಸರದಿಗೆ ಮೂರು ಪೆಟ್ಟು ಹೊಡೆಯುವವನಾದರೆ ಉಳಿದವರು ಎದ್ದು ಹೋಗಿ ಚಹಾ ಕುಡಿದು ಬರಬಹುದು. ಪುಸ್ತಕದಲ್ಲಿ ಇದು ಕಾಣುವುದಿಲ್ಲ, ಮೇಜಿನಲ್ಲಿ ಗಡಿಯಾರ ನೋಡಿದರೆ ಕಾಣುತ್ತದೆ. ಇನ್ನು ರೇಂಜರ್ ಎಂಬ ಬೇಟೆಗಾರ ಪಾತ್ರದ ವಿಷಯದಲ್ಲಿ ನೀನು ಹೇಳಿದ್ದೇ ಸರಿ. ಇಪ್ಪತ್ತು ಹಂತ ಹತ್ತಿದವಳಿಗೆ ಸಿಗುವ ಪಟ್ಟದ ಉಡುಗೊರೆ ಎಂದರೆ ಅವಳ ಮಂತ್ರವಾದ ಹಂಟರ್ಸ್ ಮಾರ್ಕ್‌ನ ಆರು ಮುಖದ ದಾಳ ಹತ್ತು ಮುಖದ್ದಾಗುವುದು. ನಿವೃತ್ತಿಯ ದಿನ ಗೋಡೆ ಗಡಿಯಾರ ಕೊಟ್ಟ ಹಾಗೆ.

ನಾನು ನಿಧಾನವಾಗಿ ಯೋಚಿಸಬೇಕಾಗಿ ಬಂದದ್ದು ಪಾತ್ರ ಕಟ್ಟುವ ಅಧ್ಯಾಯ. ‘ರೇಸ್’ ಎಂಬ ಪದ ಹೋಗಿ ‘ಸ್ಪೀಶೀಸ್’ ಬಂದಿದೆ. ಇಂಥ ಕುಲದಲ್ಲಿ ಹುಟ್ಟಿದ್ದರಿಂದ ಬಲ ಹೆಚ್ಚು, ಇಂಥದ್ದರಲ್ಲಿ ಹುಟ್ಟಿದ್ದರಿಂದ ಬುದ್ಧಿ ಹೆಚ್ಚು ಎಂಬುದನ್ನು ಕೈಬಿಟ್ಟಿದ್ದಾರೆ. ಅದು ಏಕೆ ಬೇಕಿತ್ತು ಎಂದು ನಮ್ಮ ನೆಲದವರಿಗೆ ಯಾರೂ ಬಿಡಿಸಿ ಹೇಳಬೇಕಿಲ್ಲ. ಒಳ್ಳೆಯದಾಯಿತು ಎಂದು ಪುಟ ತಿರುಗಿಸಿದೆ. ನೋಡಿದರೆ ಆ ಹೆಚ್ಚಳ ಈಗ ‘ಬ್ಯಾಕ್‌ಗ್ರೌಂಡ್’ ಲೆಕ್ಕದಲ್ಲಿ ಬರುತ್ತದೆ. ಬೇಸಾಯಗಾರನಿಗೆ ಬಲ, ದೇಹದಾರ್ಢ್ಯ, ವಿವೇಕ, ಇಷ್ಟರಲ್ಲೇ ಹಂಚಿಕೊಳ್ಳಬೇಕು. ಗದ್ದೆಯಿಂದ ಬಂದ ಹುಡುಗ ಮಂತ್ರವಿದ್ಯೆ ಕಲಿಯುತ್ತೇನೆ ಎಂದರೆ ಬುದ್ಧಿಗೆ ಚಿಕ್ಕಾಸೂ ಇಲ್ಲ. ಹುಟ್ಟನ್ನು ಹೆಬ್ಬಾಗಿಲಿಂದ ಕಳಿಸಿ ಕಸುಬನ್ನು ಹಿತ್ತಿಲಿಂದ ಕರೆದುಕೊಂಡಂತೆ. ಗದ್ದೆಯಿಂದಲೇ ಹೊರಟು ಓದಲು ಕಡಲು ದಾಟಿ ದೂರ ಹೋದವನಿಗೆ ಇದು ಚುಚ್ಚಿತು. ದಾರಿಯೂ ಇದೆ: ಹೆಚ್ಚಳ ನಿಗದಿಯಾಗಿಲ್ಲದ ಹಳೆಯ ಪುಸ್ತಕದ ಹಿನ್ನೆಲೆ ತೆಗೆದುಕೊಂಡರೆ ಅಂಕಿಯನ್ನು ಬೇಕಾದ ಕಡೆ ಹಾಕಿಕೊಳ್ಳಬಹುದು. ನಿನ್ನ ಮೇಜಿನಲ್ಲಿ ಅದಕ್ಕೆ ಅನುಮತಿ ಕೊಡು.

ಇನ್ನೊಂದು ಮಾತು, ಸ್ವಲ್ಪ ಅಡ್ಡಮಾತು. 2023ರ ಜನವರಿಯಲ್ಲಿ ಪ್ರಕಾಶಕರು, ಆಟದ ನಿಯಮಗಳನ್ನು ಬೇರೆಯವರೂ ಬಳಸಲು ಬಿಡುವ ಮುಕ್ತ ಪರವಾನಗಿಯನ್ನು ಬದಲಿಸಲು ಹೊರಟಾಗ ನೀನು ವಾರಗಟ್ಟಲೆ ಕುದಿದೆ. ಅದೇ ತಿಂಗಳ ಕೊನೆಗೆ ಅವರು ಹಿಂದೆ ಸರಿದು ಮೂಲ ನಿಯಮಗಳನ್ನು ಕ್ರಿಯೇಟಿವ್ ಕಾಮನ್ಸ್‌ಗೆ ಒಪ್ಪಿಸಿದರು. ಆದರೂ ನಿನ್ನ ಸಿಟ್ಟು ತಣಿದಿಲ್ಲ. ತಣಿಯಬೇಕಾಗಿಯೂ ಇಲ್ಲ. ಆದರೆ ಆ ಸಿಟ್ಟನ್ನು ಪಾಪದ ಔಷಧಿ ಬುರುಡೆಯ ಮೇಲೆ ತೀರಿಸಬೇಡ.

ಈಗ ಮಾಡಬೇಕಾದ್ದು ಇಷ್ಟು. ನಿನಗೆ ಅನಿಸಿದ್ದನ್ನೆಲ್ಲ ಒಂದು ಹಾಳೆಯಲ್ಲಿ ಪೆನ್ಸಿಲ್ಲಿನಲ್ಲಿ ಬರೆ, ತಾರೀಕು ಹಾಕು, ಪುಸ್ತಕದೊಳಗೆ ಇಡು. ಗುಂಪಿಗೆ ಕಳಿಸಬೇಡ. ನೀನು ಡಂಜನ್ ಮಾಸ್ಟರ್, ನೀನು ಮೂಗು ಮುರಿದರೆ ಉಳಿದ ನಾಲ್ವರು ಪುಸ್ತಕ ತೆರೆಯುವ ಮೊದಲೇ ಮುರಿಯುತ್ತಾರೆ. ನಡೆಯುತ್ತಿರುವ ನಿನ್ನ ದೊಡ್ಡ ಕತೆಯನ್ನು ಹೊಸ ನಿಯಮಕ್ಕೆ ಎಳೆಯಬೇಡ, ಅದು ಹಳೆಯ ಪುಸ್ತಕದಲ್ಲೇ ಮುಗಿಯಲಿ. ಬದಲಿಗೆ ಮೂರು ಭಾನುವಾರ ಬಿಡುವು ಮಾಡಿ, ಒಂದನೇ ಹಂತದ ಹೊಸ ಪಾತ್ರಗಳೊಂದಿಗೆ ಒಂದು ಸಣ್ಣ ಕತೆ ಆಡಿಸು. ಮೊದಲ ದಿನ ಹಳೆಯ ನಿಯಮ ಬಾಯಿಗೆ ಬರುತ್ತಲೇ ಇರುತ್ತದೆ, ಎರಡನೇ ದಿನ ಹುಡುಕಾಟ, ಮೂರನೇ ದಿನ ಆಟ. ಮುಗಿದ ಮೇಲೆ ಅಭಿಪ್ರಾಯ ಕೇಳುವುದಾದರೆ ಜೋರು ಮಾತಿನ ಆ ಹುಡುಗನನ್ನು ಕೇಳಬೇಡ. ಮೂಲೆಯಲ್ಲಿ ಕೂತು ತನ್ನ ಸರದಿ ಬಂದಾಗ ಮಾತ್ರ ಮಾತಾಡುವವಳು ಇದ್ದಾಳಲ್ಲ, ಅವಳನ್ನು ಕೇಳು.

ಆಮೇಲೆ ಆ ಹಾಳೆ ತೆಗೆದು ನನಗೆ ಫೋನಿನಲ್ಲಿ ಓದಿ ಹೇಳು. ರಬ್ಬರು ಹತ್ತಿರ ಇರಲಿ. ರೇಂಜರ್ ಬಗ್ಗೆ ಬರೆದದ್ದನ್ನು ಮಾತ್ರ ಅಳಿಸುವುದು ಬೇಡ.