ಕಡಿವಾಣ ಯಾರ ಕೈಗೆ?

ಗ್ರೀಕ್ ಪುರಾಣದ ಸೂರ್ಯದೇವ ಹೀಲಿಯೋಸ್, ಮಗ ಫೀಥಾನ್ ಬೇಡಿದ್ದನ್ನು ಕೊಡುವೆನೆಂದು ಮೊದಲೇ ಆಣೆಯಿಟ್ಟನು. ಮಗ ಬೇಡಿದ್ದು ಒಂದು ದಿನದ ಮಟ್ಟಿಗೆ ಸೂರ್ಯರಥ. ಆಣೆ ಮುರಿಯುವಂತಿರಲಿಲ್ಲ. ಅನನುಭವಿಯ ಕೈಯಲ್ಲಿ ಕುದುರೆಗಳು ದಾರಿ ತಪ್ಪಿ ಭೂಮಿ ಬೆಂದಿತು. ಫೀಥಾನ್ ಜ್ಯೂಸನ ಸಿಡಿಲಿಗೆ ಬಲಿಯಾದನು.

ನಮ್ಮ ಕರಾವಳಿಯ ಸ್ಥಳಪುರಾಣದ ಪಾಠವೂ ಇದೇ. ಆತ್ಮಲಿಂಗವನ್ನು ನೆಲಕ್ಕಿಡಬಾರದೆಂಬ ಷರತ್ತು ತಿಳಿದಿದ್ದರೂ, ಗೋಕರ್ಣದಲ್ಲಿ ಸಂಧ್ಯಾವಂದನೆಯ ಹೊತ್ತಿಗೆ ರಾವಣನು ಅದನ್ನು ಗುರುತಿಲ್ಲದ ವಟುವಿಗೆ ಒಪ್ಪಿಸಿದನು. ವಟುವೇಷದ ಗಣಪತಿ ಮೂರು ಬಾರಿ ಕರೆದು ನೆಲಕ್ಕಿಟ್ಟನು. ಮತ್ತೆ ಕೀಳಲು ರಾವಣನ ಬಲ ಸಾಲಲಿಲ್ಲ. ಅವನು ಸಿಟ್ಟಿನಿಂದ ಎಸೆದವು ಬಿದ್ದ ತಾಣಗಳಲ್ಲಿ ಕುಮಟಾದ ಧಾರೇಶ್ವರ, ಹೊನ್ನಾವರದ ಗುಣವಂತೆ, ಭಟ್ಕಳದ ಮುರ್ಡೇಶ್ವರಗಳೂ ಸೇರಿವೆಯೆಂಬುದು ಪ್ರತೀತಿ.

ಇಬ್ಬರೂ ಕೆಟ್ಟದ್ದು ಸಂಪತ್ತಿನ ಕೊರತೆಯಿಂದಲ್ಲ, ಹಸ್ತಾಂತರದ ಅಜಾಗ್ರತೆಯಿಂದ. ವ್ಯಾಪಾರದಲ್ಲಿ ಸಹಿಮಾಡಿದ ಖಾಲಿ ಚೆಕ್ಕು ಅಂತಹುದೇ ಕಡಿವಾಣ. ಸ್ವಇಚ್ಛೆಯಿಂದ ಸಹಿಮಾಡಿ ಕೊಟ್ಟ ಚೆಕ್ಕಿನ ವಿವರಗಳನ್ನು ಬೇರೆಯವರು ತುಂಬಿದ್ದರೂ, ಅದು ಸಾಲದ ಬಾಬ್ತಿನದಲ್ಲವೆಂದು ತೋರಿಸುವ ಹೊಣೆ ಸಹಿದಾರನದೇ ಎಂದು ಸುಪ್ರೀಂ ಕೋರ್ಟು 2019ರಲ್ಲಿ ತೀರ್ಪಿತ್ತಿದೆ. ಹಣವಿಲ್ಲದೆ ಮರಳಿದ ಚೆಕ್ಕಿನ ಮೊತ್ತವನ್ನು ನೋಟೀಸು ತಲುಪಿದ 15 ದಿನಗಳೊಳಗೆ ಪಾವತಿಸದಿದ್ದರೆ, 1881ರ ನೆಗೋಷಿಯಬಲ್ ಇನ್‌ಸ್ಟ್ರುಮೆಂಟ್ಸ್ ಕಾಯ್ದೆಯ 138ನೇ ಕಲಮಿನ ಪ್ರಕಾರ 2 ವರ್ಷದವರೆಗೆ ಸೆರೆವಾಸ, ಮೊತ್ತದ ಇಮ್ಮಡಿಯವರೆಗೆ ದಂಡ ಅಥವಾ ಎರಡನ್ನೂ ವಿಧಿಸಬಹುದು.

ಆದುದರಿಂದ ವರ್ತಕರು ಮತ್ತು ಉದ್ದಿಮೆದಾರರು ಪಾಲಿಸಬೇಕಾದ ಕ್ರಮಗಳಿವು:

1. ಹೆಸರು, ಮೊತ್ತ, ದಿನಾಂಕ ಬರೆದ ಮೇಲೆಯೇ ಸಹಿ ಮಾಡುವುದು.
2. ಪರವೂರಿಗೆ ಹೊರಡುವಾಗ ಸಹಿಮಾಡಿದ ಚೆಕ್ಕುಗಳನ್ನು ಗುಮಾಸ್ತರ ಬಳಿ ಬಿಡದಿರುವುದು.
3. ಭದ್ರತೆಗಾಗಿ ಕೊಟ್ಟ ಚೆಕ್ಕಿಗೆ ಉದ್ದೇಶ ತಿಳಿಸುವ ಪತ್ರವಿತ್ತು ಸ್ವೀಕೃತಿ ಪಡೆಯುವುದು. ಬಾಕಿ ತೀರಿದ ದಿನವೇ ಚೆಕ್ಕನ್ನು ಹಿಂಪಡೆಯುವುದು.
4. ಮಕ್ಕಳಿಗೆ ವ್ಯವಹಾರ ಒಪ್ಪಿಸುವಾಗ ಮೊದಲು ಮಿತಿಯುಳ್ಳ ಅಧಿಕಾರವನ್ನಷ್ಟೇ ಕೊಡುವುದು.

ನಂಬಿಕೆ ವ್ಯಾಪಾರದ ಮೂಲಧನ ನಿಜ; ಅದಕ್ಕೂ ಲೆಕ್ಕವಿರಬೇಕು.